ಈ ದವಡೆಯಲ್ಲಿ ಹೊಸತೇನು?

1850ರ ದಶಕದ ಆರಂಭ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನವರು ಪಕ್ಕದ ವೆಸ್ಟ್‌ವಿಲ್‌ಗೆ ಹೋಗುವ ವ್ಹೇಲಿ ಅವೆನ್ಯೂಗೆ ಜಲ್ಲಿ ಹಾಸುವುದೆಂದು ಗೊತ್ತುಮಾಡಿದರು. ರಸ್ತೆಯ ಉದ್ದ ಸುಮಾರು ಎರಡು ಮೈಲಿ. ಉಸ್ತುವಾರಿ ಬಿದ್ದದ್ದು ಎಲಿ ವಿಟ್ನಿ ಬ್ಲೇಕ್ ಎಂಬವರ ಹೆಗಲಿಗೆ. ಆಗಲೇ ಅವರಿಗೆ ಐವತ್ತೈದು ದಾಟಿತ್ತು. ವೆಸ್ಟ್‌ವಿಲ್‌ನಲ್ಲಿ ಸೋದರರ ಜೊತೆ ಸೇರಿ ಬಾಗಿಲ ಬೀಗ, ಕೀಲು, ಮಂಚದ ಕಾಲಿಗೆ ಹಾಕುವ ಗಾಲಿ ಮಾಡುವ ಕಾರ್ಖಾನೆ ನಡೆಸಿದವರು ಅವರು.

ರಸ್ತೆ ಕೆಲಸ ನೋಡಲು ನಿಂತವರಿಗೆ ಕಂಡದ್ದು ಕಲ್ಲಿನ ಗುಡ್ಡೆ, ಅದರ ಮುಂದೆ ಸುತ್ತಿಗೆ ಹಿಡಿದು ಕೂತ ಕೂಲಿಯವರು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ತೋರಿಸಿಕೊಟ್ಟಿದ್ದ ಪದ್ಧತಿಯೇ ಹಾಗಿತ್ತು. ಕೆಳಗೆ ದೊಡ್ಡ ಬಂಡೆ ಜೋಡಿಸುವುದು ಬೇಡ. ಮೊನೆಮೊನೆಯಾದ ಸಣ್ಣ ಕಲ್ಲುಗಳನ್ನೇ ಪದರ ಪದರವಾಗಿ ಹಾಸಿದರೆ ಗಾಡಿಯ ಚಕ್ರದ ಭಾರಕ್ಕೆ ಅವು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಒಂದೊಂದು ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ರಸ್ತೆ ಕಟ್ಟುವ ವಿದ್ಯೆ ಅಷ್ಟು ಮುಂದುವರಿದಿದ್ದರೂ ಆ ಕಲ್ಲನ್ನು ಒಡೆಯುವುದು ಮಾತ್ರ ಕೈಯ ಕೆಲಸವಾಗಿಯೇ ಉಳಿದಿತ್ತು.

ನಮ್ಮಲ್ಲಿ ನಡುವಯಸ್ಸು ದಾಟಿದವರಿಗೆ ಆ ನೋಟವನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಬದಿಯಲ್ಲಿ ತೆಂಗಿನ ಗರಿಯ ಮರೆಯಲ್ಲಿ ಕೂತ ಹೆಂಗಸರು, ಕಲ್ಲು ಜಾರದಂತೆ ಒತ್ತಿಹಿಡಿದ ಹಳೇ ಟೈರಿನ ಉಂಗುರ, ಬೆರಳಿಗೆ ಸುತ್ತಿದ ಬಟ್ಟೆಚಿಂದಿ, ಸಿಡಿದ ಚೂರಿಗೆ ಕೆಂಪಾದ ಕಣ್ಣು. ಸಂಜೆ ಗುಡ್ಡೆ ಅಳೆದು ಕೂಲಿ ಕೊಡುತ್ತಿದ್ದರು. ಬ್ಲೇಕ್ ಅವರನ್ನು ನಾನು ಗೌರವದಿಂದ ನೆನೆಯುವುದಕ್ಕೆ ಮೊದಲ ಕಾರಣ ಆ ಬೆರಳುಗಳು.

ಆ ಕೆಲಸಕ್ಕೆ ಯಂತ್ರ ಕಟ್ಟಲು ಯಾರೂ ಕೈಹಾಕಿರಲಿಲ್ಲ ಎಂದಲ್ಲ. 1830ರಲ್ಲೂ 1840ರಲ್ಲೂ ಅಮೆರಿಕದಲ್ಲಿ ಕಲ್ಲು ಒಡೆಯುವ ಯಂತ್ರಗಳಿಗೆ ಪೇಟೆಂಟ್ ಸಿಕ್ಕಿತ್ತು. ಮೇಲಿನಿಂದ ಸುತ್ತಿಗೆ ಬೀಳಿಸುವುದು ಒಂದು, ಸುತ್ತುವ ಮರದ ಉರುಳೆಯ ಮೇಲೆ ಕಬ್ಬಿಣದ ಗುಬಟು ಕೂರಿಸಿ ಬಡಿಯುವುದು ಇನ್ನೊಂದು. ಮನುಷ್ಯನ ತೋಳು ಮಾಡುವುದನ್ನೇ ಕಬ್ಬಿಣದಿಂದ ಮಾಡಿಸಲು ಹೊರಟ ಅವು ಬಳಕೆಯಲ್ಲಿ ನಿಲ್ಲಲಿಲ್ಲ.

ಬ್ಲೇಕ್ ಕಬ್ಬಿಣ ಮುಟ್ಟುವ ಮೊದಲು ಕೂತು ಯೋಚಿಸಿದರು. ಕಲ್ಲು ಒಂದೇ ಅಳತೆಯಲ್ಲಿ ಬರುವುದಿಲ್ಲ. ಒಂದು ಕುಂಬಳದಷ್ಟು, ಒಂದು ತೆಂಗಿನಕಾಯಿಯಷ್ಟು. ಎಲ್ಲವನ್ನೂ ಒಂದೇ ಬಾಯಿ ಹಿಡಿಯಬೇಕು. ಒಡೆದ ಚೂರು ತಾನಾಗಿ ಹೊರಬೀಳಬೇಕು, ದೊಡ್ಡದು ಇನ್ನೊಂದು ಸಲ ಸಿಕ್ಕಿಬೀಳಬೇಕು. ಅವರು ಕಂಡುಕೊಂಡ ಉತ್ತರ ಹೀಗಿದೆ. ಎರಡು ದವಡೆ, ಒಂದು ಕದಲದ್ದು, ಇನ್ನೊಂದು ಕದಲುವಂಥದ್ದು. ಎರಡೂ ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ; ಮೇಲೆ ಅಗಲವಾದ ಸಂದು ಕೆಳಗಿಳಿದಂತೆ ಕಿರಿದಾಗುತ್ತದೆ. ಕದಲುವ ದವಡೆಗೆ ಬಹಳ ಚಿಕ್ಕದಾದ, ಬಹಳ ಬಲವಾದ, ಪ್ರತಿಸಲವೂ ಅಳೆದಿಟ್ಟಂತೆ ಒಂದೇ ದೂರದ ಅಲುಗಾಟ. ದವಡೆ ಒತ್ತಿದಾಗ ಕಲ್ಲು ಬಿರಿಯುತ್ತದೆ. ಹಿಂದೆ ಸರಿದಾಗ ಚೂರುಗಳು ತಮ್ಮ ಭಾರಕ್ಕೆ ಒಂದಿಷ್ಟು ಕೆಳಗೆ ಜಾರುತ್ತವೆ, ಇನ್ನೂ ಕಿರಿದಾದ ಸಂದಿಗೆ ಸಿಕ್ಕಿಕೊಂಡು ಮತ್ತೆ ಬಿರಿಯುತ್ತವೆ. ಕೆಳಗಿನ ಸಂದು ಎಷ್ಟಗಲವೋ ಜಲ್ಲಿಯ ಅಳತೆ ಹೆಚ್ಚುಕಡಿಮೆ ಅಷ್ಟು. ಕಲ್ಲನ್ನು ಮುಂದಕ್ಕೆ ತಳ್ಳಲು ಬೇರೆ ಸಾಧನವೇ ಬೇಕಿಲ್ಲ, ಭೂಮಿಯ ಸೆಳೆತ ಸಾಕು. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಬಲ ಎಲ್ಲಿಂದ ಬಂತು? ಟಾಗಲ್‌ನಿಂದ. ಕೀಲಿನಲ್ಲಿ ಕೂಡಿ ಸ್ವಲ್ಪ ಮಡಚಿಕೊಂಡಿರುವ ಎರಡು ತಟ್ಟೆಗಳನ್ನು ನಡುವಿನಿಂದ ಎತ್ತಿ ನೇರ ಮಾಡುತ್ತ ಹೋದರೆ ತುದಿಗಳು ಹೊರಕ್ಕೆ ಒತ್ತುತ್ತವೆ. ನೇರಕ್ಕೆ ಹತ್ತಿರವಾದಷ್ಟೂ ಒತ್ತಡ ವಿಪರೀತ ಏರುತ್ತದೆ. ಮುಂದೆ ರೂಢಿಗೆ ಬಂದ ಮಾದರಿಯಲ್ಲಿ ಶಾಫ್ಟು ತಿರುಗಿದಂತೆ ಅದಕ್ಕೆ ಸಿಕ್ಕಿಸಿದ ಪಿಟ್‌ಮನ್ ಎಂಬ ತೋಳು ಮೇಲೆ ಕೆಳಗೆ ಆಡುತ್ತದೆ, ಟಾಗಲ್ ತಟ್ಟೆಗಳು ನೇರವಾಗಿ ಮಡಚಿ ಆಡುತ್ತವೆ, ದವಡೆ ಮಿಸುಕುತ್ತದೆ, ಬಂಡೆ ಬಿರಿಯುತ್ತದೆ. ನಮ್ಮ ಕ್ರಷರ್‌ಗಳಲ್ಲಿ ಈ ಟಾಗಲ್ ಪ್ಲೇಟಿಗೆ ಇನ್ನೊಂದು ಕೆಲಸವೂ ಇದೆ. ಜೆಸಿಬಿ ಬಕೆಟ್ಟಿನ ಉಕ್ಕಿನ ಹಲ್ಲು ಕಳಚಿ ಕಲ್ಲಿನ ಜೊತೆ ಬಾಯಿಗೆ ಬಿದ್ದರೆ ಮೊದಲು ಮುರಿಯುವುದು ಅದು. ಮನೆಯ ಫ್ಯೂಸಿನ ಹಾಗೆ ತಾನು ಹೋಗಿ ಶಾಫ್ಟು, ಬೇರಿಂಗುಗಳನ್ನು ಉಳಿಸುತ್ತದೆ.

ಸುಮಾರು ಆರೇಳು ವರ್ಷ ತಿದ್ದಿ ತೀಡಿದ ಮೇಲೆ, 1858ರ ಜೂನ್ 15ರಂದು ಬ್ಲೇಕ್‌ಗೆ ಪೇಟೆಂಟ್ ಸಿಕ್ಕಿತು. ಸಂಖ್ಯೆ 20,542. ಆ ಕಾಗದದ ಬೆಲೆ ಅವರಷ್ಟು ಬಲ್ಲವರು ಆ ಊರಿನಲ್ಲಿ ಕಡಿಮೆ ಇದ್ದಿರಬೇಕು. ಅವರ ಸೋದರಮಾವನೇ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ ಎಲಿ ವಿಟ್ನಿ. ಮಾವನ ಹೆಸರನ್ನೇ ಅಳಿಯನಿಗೆ ಇಟ್ಟಿದ್ದರು. ಮಾವನಿಗೆ 1794ರಲ್ಲಿ ಪೇಟೆಂಟ್ ಸಿಕ್ಕಿತ್ತು. ತೋಟದ ಸಾಹುಕಾರರು ಅದನ್ನು ನೋಡಿ ತಮ್ಮ ತಮ್ಮಲ್ಲೇ ಯಂತ್ರ ಮಾಡಿಕೊಂಡರು. ಆಗಿನ ಕಾನೂನಿನ ಪದಗಳ ಸಂದಿಯಲ್ಲಿ ನುಸುಳಿ ಪಾರಾದರು. ಮಾವನ ಪರ ಕೋರ್ಟು ಗಟ್ಟಿಯಾಗಿ ನಿಲ್ಲುವ ಹೊತ್ತಿಗೆ 1807 ಆಗಿತ್ತು, ಅವಧಿ ಮುಗಿಯುತ್ತ ಬಂದಿತ್ತು. ನವೀಕರಿಸಿ ಎಂದು ಕೇಳಿದರೆ 1812ರಲ್ಲಿ ಕಾಂಗ್ರೆಸ್ ಒಪ್ಪಲಿಲ್ಲ. ಅಳಿಯ ಯೇಲ್‌ನಲ್ಲಿ 1816ರಲ್ಲಿ ಪದವಿ ಮುಗಿಸಿ, ಲಿಚ್‌ಫೀಲ್ಡ್‌ನಲ್ಲಿ ಕಾನೂನು ಓದಲು ತೊಡಗಿ, ಮಾವನ ಕರೆಗೆ ಓಗೊಟ್ಟು ಬಂದೂಕು ಕಾರ್ಖಾನೆ ಸೇರಿದವರು. ಕಬ್ಬಿಣ, ಕಾನೂನು ಎರಡರ ಪರಿಚಯವೂ ಅವರಿಗಿತ್ತು.

ಮಾವನ ಕಾಲಕ್ಕೂ ಅಳಿಯನ ಕಾಲಕ್ಕೂ ನಡುವೆ ಒಂದು ದೊಡ್ಡ ಬದಲಾವಣೆ ಆಗಿತ್ತು. 1793ರ ಕಾನೂನಿನಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದವರಿಗೆಲ್ಲ ಪೇಟೆಂಟ್ ಸಿಗುತ್ತಿತ್ತು. ಅದು ಹೊಸತೋ ಹಳತೋ ಎಂದು ನೋಡುವವರಿರಲಿಲ್ಲ; ಜಗಳವೆಲ್ಲ ಕೋರ್ಟಿನಲ್ಲಿ ತೀರಬೇಕಿತ್ತು. ಮೇನ್ ರಾಜ್ಯದ ಸೆನೆಟರ್ ಜಾನ್ ರಗಲ್ಸ್ ಹಟ ಹಿಡಿದು ತಂದ 1836ರ ಕಾನೂನು ಕಚೇರಿಯಲ್ಲಿ ಪರೀಕ್ಷಕರನ್ನು ಕೂರಿಸಿತು. ಅರ್ಜಿಯ ಜೊತೆ ನಕ್ಷೆ ಮಾತ್ರವಲ್ಲ, ಯಂತ್ರದ ಪುಟ್ಟ ಮಾದರಿಯನ್ನೂ ಕೊಡಬೇಕಿತ್ತು. ಪರೀಕ್ಷಕ ಹಳೆಯ ಪೇಟೆಂಟುಗಳನ್ನೂ ಪುಸ್ತಕಗಳನ್ನೂ ತಡಕಿ, ಇಂಥದ್ದು ಮೊದಲೇ ಇತ್ತೇ ಎಂದು ನೋಡುತ್ತಿದ್ದ. ಪೇಟೆಂಟ್ ಪರೀಕ್ಷೆ ಎಂದು ಇವತ್ತು ನಾವು ಕರೆಯುವ ಕೆಲಸದ ಬೇರು ಅದು.

ಬ್ಲೇಕ್ ಅವರ ಯಂತ್ರವನ್ನು ಹಾಗೆ ಬಿಚ್ಚಿಟ್ಟು ನೋಡಿದರೆ ಹೊಸತು ಎನ್ನುವಂಥ ಒಂದೇ ಒಂದು ಬಿಡಿಭಾಗವೂ ಸಿಗುವುದಿಲ್ಲ. ಟಾಗಲ್ ಕೀಲು ಕೈ ಅಚ್ಚುಯಂತ್ರದಲ್ಲಿತ್ತು, ನಾಣ್ಯ ಒತ್ತುವ ಯಂತ್ರದಲ್ಲೂ ಇತ್ತು. ತಿರುಗುವ ಶಾಫ್ಟು, ಫ್ಲೈವೀಲುಗಳು ಉಗಿಯಂತ್ರದ ಮನೆಯವು. ಒಂದು ತುದಿಯಲ್ಲಿ ಕೀಲಿರುವ ಎರಡು ದವಡೆಗಳ ನಡುವೆ ಗಟ್ಟಿ ವಸ್ತುವನ್ನು ಒತ್ತಿ ಒಡೆಯುವುದಂತೂ ನಮ್ಮ ಅಡಕತ್ತರಿಯಷ್ಟು ಹಳೆಯದು. ಮೇಲಾಗಿ 1851ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಾಗಿಲ ಹಿಡಿಯೊಂದರ ಮೇಲೆ ತೀರ್ಪು ಕೊಟ್ಟಿತ್ತು. ಮರ, ಲೋಹದ ಬದಲು ಜೇಡಿಮಣ್ಣಿನಲ್ಲಿ ಹಿಡಿ ಮಾಡಿದ್ದು ಚೆನ್ನಾಗಿರಬಹುದು, ಅಗ್ಗವೂ ಇರಬಹುದು. ಆದರೆ ಕಸುಬು ಬಲ್ಲ ಯಾವ ಮೇಸ್ತ್ರಿಯೂ ಮಾಡಬಹುದಾದದ್ದು ಆವಿಷ್ಕಾರವಲ್ಲ ಎಂಬುದು ಅದರ ತಿರುಳು. ಬಾಗಿಲ ಸಾಮಾನನ್ನೇ ಮಾಡುತ್ತಿದ್ದ ಮನೆತನಕ್ಕೆ ಈ ಸುದ್ದಿ ತಲುಪದೆ ಇದ್ದಿರಲಾರದು.

ಹಾಗಾದರೆ ಬ್ಲೇಕ್‌ದು ಎನ್ನುವಂಥದ್ದು ಏನು? ಅದು ಕೂಟದಲ್ಲಿತ್ತು. 1866ರಲ್ಲಿ ತಿದ್ದಿ ಮರಳಿ ಪಡೆದ ಪೇಟೆಂಟಿನ ಹಕ್ಕುವಾಕ್ಯ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಕಟ್ಟುತ್ತದೆ: ನೆಟ್ಟಗೆ ನಿಂತ ದವಡೆಗಳು, ಕೆಳಕ್ಕೆ ಕೂಡಿಬರುವ ಅವುಗಳ ಮುಖ, ತಿರುಗುವ ಶಾಫ್ಟು, ಅದರಿಂದ ದವಡೆಗೆ ಬರುವ ನಿಗದಿತ ದೂರದ ಹಿಂದುಮುಂದಿನ ಚಲನೆ. ‘ನೆಟ್ಟಗೆ’ ಎಂದರೆ ಕಲ್ಲು ತನ್ನ ಭಾರಕ್ಕೆ ತಾನೇ ಇಳಿಯುವಷ್ಟು ನೆಟ್ಟಗೆ. ಹಳೆಯ ಭಾಗಗಳು ಸೇರಿ ಕಲ್ಲು ತಾನಾಗಿ ಕೆಳಗಿಳಿಯುತ್ತ ಒಡೆಯುವ ಹೊಸ ನಡೆ ಹುಟ್ಟಿದೆ. ಒಂದನ್ನು ತೆಗೆದರೂ ಆ ನಡೆ ನಿಲ್ಲುತ್ತದೆ. ಆ ಒಂದು ವಾಕ್ಯ ಬರೆಯಲು ಬೇಕಾದ ಬುದ್ಧಿ ಯಂತ್ರ ಕಟ್ಟಲು ಬೇಕಾದದ್ದಕ್ಕಿಂತ ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ. ಟಾಗಲ್ಲನ್ನೇ ಹಿಡಿದು ಹಕ್ಕು ಕೇಳಿದ್ದರೆ, ಬೇರೆ ಉಪಾಯದಿಂದ ದವಡೆ ಅಲ್ಲಾಡಿಸಿದವರು ಸಲೀಸಾಗಿ ಪಾರಾಗುತ್ತಿದ್ದರು.

ನಕಲು ಮಾಡುವವರಿಗೇನೂ ಕೊರತೆ ಇರಲಿಲ್ಲ. ಬ್ಲೇಕ್ ಒಂದರ ಮೇಲೊಂದು ದಾವೆ ಹೂಡಿದರು. 1872ರಲ್ಲಿ ಹದಿನಾಲ್ಕು ವರ್ಷದ ಅವಧಿ ಮುಗಿದಾಗ ಇನ್ನೂ ಏಳು ವರ್ಷ ಸಿಕ್ಕಿತು. ಮಾವನಿಗೆ ದಕ್ಕದ್ದು ಅಳಿಯನಿಗೆ ದಕ್ಕಿತು. ಆ ಹೊತ್ತಿಗೆ 509 ಯಂತ್ರಗಳು ಕೆಲಸ ಮಾಡುತ್ತಿದ್ದವೆಂದೂ ಅವು ಉಳಿಸಿದ ಕೂಲಿ ಐದೂವರೆ ಕೋಟಿ ಡಾಲರ್ ಮೀರಿತ್ತೆಂದೂ ಅಂದಿನವರು ಲೆಕ್ಕ ಹಾಕಿದ್ದರು. ಬ್ಲೇಕ್ ಮತ್ತು ರಾಬರ್ಟ್‌ಸನ್ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆವಿಷ್ಕಾರ ಬ್ಲೇಕ್‌ದೇ ಎಂಬ ಮಾತು ಅಲ್ಲಿ ನಿಂತಿತು, ಆದರೆ ಎದುರಾಳಿಗೆ ಅದರಿಂದ ಬಂದ ಲಾಭ ಇಷ್ಟು ಎಂದು ತೋರಿಸಲಾಗದೆ ಪರಿಹಾರ ನಾಮಮಾತ್ರಕ್ಕೆ ಇಳಿಯಿತು. ಗೆದ್ದ ವಾಕ್ಯಕ್ಕೂ ಕೈಗೆ ಬರುವ ಹಣಕ್ಕೂ ನಡುವೆ ಇರುವ ಈ ಕಂದಕ ಇವತ್ತಿಗೂ ಸಣ್ಣ ಆವಿಷ್ಕಾರಕರನ್ನು ನುಂಗುತ್ತದೆ.

ಪೇಟೆಂಟ್ 1879ರಲ್ಲಿ ಮುಗಿಯಿತು. 1881ರಲ್ಲಿ ಫಿಲೇಟಸ್ ಗೇಟ್ಸ್ ಗಿರಕಿ ಹೊಡೆಯುವ ಶಂಕುವಿನಿಂದ ಕಲ್ಲು ಅರೆಯುವ ಜೈರೇಟರಿ ಕ್ರಷರ್‌ಗೆ ಪೇಟೆಂಟ್ ಪಡೆದರು. 1883ರಲ್ಲಿ ಕನೆಕ್ಟಿಕಟ್‌ನ ಮೆರಿಡೆನ್‌ನಲ್ಲಿ ಎರಡಕ್ಕೂ ಪಂದ್ಯ ನಡೆಯಿತು, ತಲಾ ಒಂಬತ್ತು ಘನಗಜ ಕಲ್ಲು. ಗೇಟ್ಸ್ ಯಂತ್ರ ಇಪ್ಪತ್ತೂವರೆ ನಿಮಿಷದಲ್ಲಿ ಮುಗಿಸಿತು. ಬ್ಲೇಕ್ ಯಂತ್ರಕ್ಕೆ ಅರವತ್ತನಾಲ್ಕೂವರೆ ನಿಮಿಷ ಹಿಡಿಯಿತು. ಸೋತರೂ ದವಡೆ ಮೂಲೆಗೆ ಬೀಳಲಿಲ್ಲ, ದೊಡ್ಡ ಬಂಡೆಯನ್ನು ಮೊದಲ ಸಲ ಕಚ್ಚಲು ಅಷ್ಟು ಸರಳವಾದ ಯಂತ್ರ ಇನ್ನೊಂದಿರಲಿಲ್ಲ. ಬ್ಲೇಕ್ 1886ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು.

ಬಾಯಿಯ ಆಕಾರ ಗೊತ್ತಾದ ಮೇಲೆ ಆವಿಷ್ಕಾರ ಬಿಡಿಭಾಗಗಳಿಗೆ ಇಳಿಯಿತು. ಅವುಗಳಲ್ಲಿ ದೊಡ್ಡದು ಇಂಗ್ಲೆಂಡಿನ ಶೆಫೀಲ್ಡ್‌ನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಕೊಂಡ ಮ್ಯಾಂಗನೀಸ್ ಉಕ್ಕು. ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮ್ಯಾಂಗನೀಸ್ ಬೆರೆತ ಈ ಉಕ್ಕು ಏಟು ಬಿದ್ದಷ್ಟೂ ಮೇಲ್ಮೈಯಲ್ಲಿ ಗಡುಸಾಗುತ್ತದೆ, ಒಳಗೆ ಮಾತ್ರ ಬಿರುಕು ಬಿಡದಷ್ಟು ಮೃದು. ಕಲ್ಲು ಒಡೆಯುವ ಪ್ಲೇಟಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಬೇರೆ ಬೇಕೇ? ಇವತ್ತಿಗೂ ಕ್ರಷರ್ ಶೆಡ್ಡಿನಲ್ಲಿ ‘ಮ್ಯಾಂಗನೀಸ್ ಪ್ಲೇಟು’ ಎಂದರೆ ದವಡೆಗೆ ಹೊದಿಸುವ ಜಾ ಪ್ಲೇಟು ಎಂದೇ ಅರ್ಥ.

ಭಾರತದಲ್ಲಿ ಪೇಟೆಂಟ್ ಕಾನೂನು ಬಂದದ್ದು ಬ್ಲೇಕ್ ಪೇಟೆಂಟಿಗಿಂತ ಎರಡು ವರ್ಷ ಮೊದಲು, 1856ರಲ್ಲಿ. ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನ್ನಿಂಗ್ ಪಂಖ ಎಳೆಯುವ ಯಂತ್ರಕ್ಕಾಗಿ ಕೊಟ್ಟದ್ದೇ ಮೊದಲ ಅರ್ಜಿ. ಈಗಿರುವುದು 1970ರ ಕಾಯ್ದೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಜಗತ್ತಿನ ಪೇಟೆಂಟುಗಳನ್ನೆಲ್ಲ ವಿಂಗಡಿಸಿಟ್ಟ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪುಡಿಮಾಡುವ ಯಂತ್ರಗಳ ಖಾನೆ ಬಿ02ಸಿ. ಅದರ ಮೊದಲ ಗುಂಪಿನಲ್ಲೇ ದವಡೆ ಕ್ರಷರ್ ಕೂತಿದೆ, ದವಡೆಯ ಆಕಾರ, ರಚನೆಗೆಂದೇ ಬೇರೆ ಉಪಖಾನೆ ಇದೆ.

ನಮ್ಮ ಕ್ರಷರ್ ಶೆಡ್ಡಿನ ಮೇಸ್ತ್ರಿಯೊಬ್ಬರು ಜಾ ಪ್ಲೇಟಿನ ಹಲ್ಲಿನ ಸಾಲನ್ನು ಬದಲಿಸಿದರು ಎನ್ನಿ. ಪ್ಲೇಟು ಸವೆಯುವುದು ಕೆಳಭಾಗದಲ್ಲಿ ಹೆಚ್ಚು. ಅದಕ್ಕೇ ಒಂದು ಹಂತದಲ್ಲಿ ಅದನ್ನು ತಲೆಕೆಳಗು ಮಾಡಿ ಕೂರಿಸುತ್ತಾರೆ. ಇವರ ಪ್ಲೇಟಿನಲ್ಲಿ ಹಲ್ಲು ಮೇಲೊಂದು ಬಗೆ, ಕೆಳಗೊಂದು ಬಗೆ. ಹೆಚ್ಚು ದಿನ ಬಾಳುತ್ತದೆ ಎಂಬುದು ಅವರ ಮಾತು. ಅರ್ಜಿ ಚೆನ್ನೈಗೆ ಹೋಗುತ್ತದೆ. ಸಾಮಾನ್ಯವಾಗಿ ಹದಿನೆಂಟು ತಿಂಗಳ ನಂತರ ಪ್ರಕಟವಾಗುತ್ತದೆ. ಪರೀಕ್ಷೆ ಬೇಕೆಂದು ಬೇರೆಯದೇ ಮನವಿ ಕೊಡಬೇಕು, ಕೊಡದಿದ್ದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಪರೀಕ್ಷಕರು ಆ ಉಪಖಾನೆಯನ್ನು ಜಾಲಾಡುತ್ತಾರೆ. ಅಲೆಯಲೆಯ ಹಲ್ಲು, ಚೂಪು ಹಲ್ಲು, ಎರಡು ತುಂಡಿನ ಪ್ಲೇಟು, ತಿರುಗಿಸಿ ಹಾಕುವ ಪ್ಲೇಟು, ಎಲ್ಲ ಎದುರು ಬರುತ್ತವೆ. ಕಾಯ್ದೆಯ 3ನೇ ಕಲಮಿನ ಎಫ್ ಉಪಕಲಮು ಹೇಳುವಂತೆ, ಗೊತ್ತಿರುವ ಸಾಧನಗಳು ತಂತಮ್ಮ ಗೊತ್ತಿರುವ ಕೆಲಸವನ್ನೇ ಬಿಡಿಬಿಡಿಯಾಗಿ ಮಾಡುತ್ತಿದ್ದರೆ ಅವನ್ನು ಜೋಡಿಸಿದ್ದು ಆವಿಷ್ಕಾರವಾಗದು. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಪಾತ್ರೆ ಮಾಡುವ ಉಪಕರಣವೊಂದರ ಪೇಟೆಂಟನ್ನು ತಳ್ಳಿಹಾಕುವಾಗ, ಬರೀ ವರ್ಕ್‌ಶಾಪ್ ಸುಧಾರಣೆ ಸಾಲದು ಎಂದಿತ್ತು.

ಇಲ್ಲಿ ನಮ್ಮ ಮೇಸ್ತ್ರಿಗಳು ಎಡವುವ ಜಾಗ ಇನ್ನೊಂದಿದೆ, ನನಗೆ ಸಂಕಟ ತರುವುದು ಅದೇ. ಹೊಸ ಪ್ಲೇಟು ಚೆನ್ನಾಗಿ ಓಡಿತೆಂದು ನಾಲ್ಕು ಕ್ವಾರಿಗೆ ಮಾರಿ, ಆಮೇಲೆ ಅರ್ಜಿಯ ಯೋಚನೆ ಮಾಡುತ್ತಾರೆ. ಅಷ್ಟರಲ್ಲಿ ಅವರದೇ ಪ್ಲೇಟು ಅವರ ಅರ್ಜಿಗೆ ಅಡ್ಡ ನಿಲ್ಲುತ್ತದೆ, ಊರಿಗೆಲ್ಲ ಗೊತ್ತಾದದ್ದು ಹೊಸತಾಗಿ ಉಳಿಯುವುದಿಲ್ಲ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿದುಕೊಂಡರೆ ಪೂರ್ಣ ವಿವರಕ್ಕೆ ಹನ್ನೆರಡು ತಿಂಗಳು ಸಿಗುತ್ತದೆ. ಐಟಿಐಗಳಲ್ಲಿ ಲೇತ್ ಹಿಡಿಯಲು ಕಲಿಸುವವರು ಈ ಒಂದು ಪಾಠವನ್ನೂ ಸೇರಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಒಂದು ದಿನ ಮೊದಲ ಪರೀಕ್ಷಾ ವರದಿ ಬರುತ್ತದೆ. ಹಳೆಯ ಮೂರ್ನಾಲ್ಕು ಪೇಟೆಂಟುಗಳ ಸಂಖ್ಯೆ ಕೊಟ್ಟು, ಇವನ್ನು ಬಲ್ಲ ಕುಶಲಕರ್ಮಿಗೆ ನಿಮ್ಮ ಹಲ್ಲಿನ ಸಾಲು ತಾನಾಗಿ ಹೊಳೆಯುವಂಥದ್ದೇ ಅಲ್ಲವೇ ಎಂದು ಕೇಳಿರುತ್ತಾರೆ. ಉತ್ತರಕ್ಕೆ ಆರು ತಿಂಗಳು. ಮೇಸ್ತ್ರಿ ಶೆಡ್ಡಿಗೆ ಬಂದು, ಸವೆದ ಹಳೆಯ ಪ್ಲೇಟು, ತನ್ನ ಪ್ಲೇಟು ಎರಡನ್ನೂ ಪಕ್ಕಪಕ್ಕ ಮಲಗಿಸಿ ಸ್ಕೇಲು ಹಿಡಿಯುತ್ತಾರೆ. ಯಾವ ಹಲ್ಲು ಎಷ್ಟು ಲೋಡು ಕಲ್ಲಿಗೆ ಎಷ್ಟು ಮಿಲಿಮೀಟರ್ ಸವೆದಿದೆ ಎಂದು, ಧೂಳು ಮೆತ್ತಿದ ಲಾಗ್ ಪುಸ್ತಕದಲ್ಲಿ ಹುಡುಕಲು ಶುರುಮಾಡುತ್ತಾರೆ.