ಬುದ್ಧಿಯ ಪುಡಿಯೂ ರಾಗಿಯ ಮುದ್ದೆಯೂ

ಜರ್ಮನಿಯ ರಿಟ್‌ಹೌಸೆನ್ 1866ರಲ್ಲಿ ಗೋಧಿಯ ಅಂಟಿನಿಂದ ಬೇರ್ಪಡಿಸಿದ, 1908ರಲ್ಲಿ ಜಪಾನಿನ ಇಕೆಡಾ ಅಡುಗೆಯ ರುಚಿಗೆ ಕಾರಣವೆಂದು ಗುರುತಿಸಿದ ಗ್ಲುಟಾಮಿಕ್ ಆಮ್ಲವು, ಮಕ್ಕಳ ಬುದ್ಧಿಯನ್ನು ಬೆಳಗಿಸುವ ದಿವ್ಯೌಷಧವೆಂಬ ಕೀರ್ತಿಯನ್ನು ಪಡೆದುದು ಇಲಿಗಳ ಮೂಲಕ. 1944ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ರಾಸ್ ಎಂಬವರು, ಈ ಅಮೈನೋ ಆಮ್ಲವನ್ನು ತಿಂದ ಬಿಳಿಯ ಇಲಿಗಳು ಚಕ್ರವ್ಯೂಹದ ದಾರಿಯನ್ನು ಬೇಗನೆ ಕಲಿತವೆಂದು ಬರೆದರು. ಎರಡು ಮೂರು ವರ್ಷಗಳಲ್ಲಿಯೇ ಜಿಮ್ಮರ್‌ಮನ್ನನೂ ಆತನ ಸಂಗಡಿಗರೂ ಅದನ್ನು ಬುದ್ಧಿಮಾಂದ್ಯವುಳ್ಳ ಮಕ್ಕಳಿಗೆ ಕೊಟ್ಟು, ಅವರ ಬುದ್ಧಿಸೂಚ್ಯಂಕವು ಏರಿತೆಂದು ಸಾರಿದರು. ಕಂಗೆಟ್ಟ ತಾಯ್ತಂದೆಗಳಿಗೆ ಇದಕ್ಕಿಂತ ಪ್ರಿಯವಾದ ವಾರ್ತೆ ಬೇರೆ ಯಾವುದಿದ್ದೀತು! ಆದರೆ ಹೋಲಿಕೆಗೆಂದು ಮತ್ತೊಂದು ಗುಂಪಿಗೆ ನಿಸ್ಸಾರವಾದ ಪುಡಿಯನ್ನು ಕೊಟ್ಟು ಪರೀಕ್ಷಿಸಿದಾಗ ಆ ಏರಿಕೆ ಸಾಬೀತಾಗಲಿಲ್ಲ; 1960ರಲ್ಲಿ ಆಸ್ಟಿನ್ ಮತ್ತು ರಾಸ್ ಪ್ರಕಟಿಸಿದ ಸಮೀಕ್ಷೆಯು, ಫಲ ಕಂಡ ಪ್ರಯೋಗಗಳಲ್ಲಿ ಬಹುಪಾಲು ಇಂತಹ ಹೋಲಿಕೆಯನ್ನೇ ಮಾಡಿರಲಿಲ್ಲವೆಂದು ತೋರಿಸಿತು. ತಿಂದ ಗ್ಲುಟಾಮಿಕ್ ಆಮ್ಲದ ಹೆಚ್ಚಿನ ಭಾಗವು ಕರುಳಿನಲ್ಲಿಯೇ ವ್ಯಯವಾಗುವುದು. ಮೆದುಳಾದರೋ ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುವುದು.

ಇತ್ತ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಮುಂದಿದ್ದ ಪ್ರಶ್ನೆ ಮೇಧಾವಿಗಳನ್ನು ನಿರ್ಮಿಸುವುದಾಗಿರದೆ, ಬಡವರ ಮಕ್ಕಳನ್ನು ಬೆಳೆಸುವುದಾಗಿತ್ತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಮುಕ್ಕಾಲು ಪಾಲು ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು ಬೆರೆಸಿ, ಜೀವಸತ್ತ್ವ ಹಾಗೂ ಖನಿಜಗಳನ್ನು ಕೂಡಿಸಿ ವಿವಿಧೋದ್ದೇಶ ಆಹಾರವೊಂದನ್ನು ರೂಪಿಸಲಾಯಿತು. ರಾಗಿಯ ಊಟಕ್ಕೆ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿದರೆ ಮಕ್ಕಳ ದೇಹಕ್ಕೆ ಆಗುವ ಲಾಭವನ್ನೂ ಅಲ್ಲಿನವರು ಅಳೆದರು. ಏಕೆಂದರೆ ರಾಗಿಯಲ್ಲಿ ಕೊರತೆಯಾಗಿರುವುದು ಅದೇ.

ಗುಬ್ಬಿ ಸೀಮೆಯ ಚೇಳೂರಿನವರು ರಾಗಿಮುದ್ದೆಗೆ ಹುರುಳಿಯ ಸಾರನ್ನೋ ಅವರೆಯ ಸಾರನ್ನೋ ಬಡಿಸಿಕೊಂಡಾಗ ಈ ಕೊರತೆ ತಾನಾಗಿ ತುಂಬುವುದು. ಕಾಳುಗಳಲ್ಲಿ ಲೈಸೀನ್ ಸಮೃದ್ಧ, ಅವುಗಳಲ್ಲಿ ಕಡಮೆಯಾದ ಮೆಥಿಯೋನೀನ್ ರಾಗಿಯಲ್ಲುಂಟು. ಹಾಗೆಂದು ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹೆಮ್ಮೆಪಡಬೇಕಾಗಿಲ್ಲ. ಬಡವರ ಮನೆಯ ಸಾರಿನಲ್ಲಿ ಕಾಳಿಗಿಂತ ನೀರೇ ಹೆಚ್ಚಾಗಿದ್ದ ದಿನಗಳೂ ಇದ್ದುವು.

ಎಳವೆಯ ತೀವ್ರ ಅಪೌಷ್ಟಿಕತೆಯೂ ಅಯೋಡಿನ್ ಮತ್ತು ಕಬ್ಬಿಣಗಳ ಕೊರತೆಯೂ ಮೆದುಳಿನ ಬೆಳವಣಿಗೆಗೆ ಕುಂದು ತರುವುದು ನಿಜ. ಕೊರತೆಯನ್ನು ನೀಗಿಸುವುದು ಬೇರೆ, ಚೆನ್ನಾಗಿ ಉಂಡು ಬೆಳೆಯುತ್ತಿರುವ ಮಗುವಿಗೆ ಮತ್ತಷ್ಟು ಸುರಿದು ಜಾಣನನ್ನಾಗಿಸುವುದು ಬೇರೆ. ಎರಡನೆಯದಕ್ಕೆ ಗಟ್ಟಿಯಾದ ಪ್ರಮಾಣವಿಲ್ಲ. ಆದುದರಿಂದ, ವೈದ್ಯರು ಕಾರಣವಿದ್ದು ಹೇಳಿದ ಹೊರತು, ಬುದ್ಧಿವರ್ಧಕ ಡಬ್ಬಿಗೆ ತೆರುವ ಹಣವನ್ನು ಕಾಳು, ಹಾಲು, ಮೊಟ್ಟೆ, ಕಡಲೆಕಾಯಿಗಳಿಗೆ ವ್ಯಯಿಸಿರೆಂದು ತಾಯ್ತಂದೆಗಳಲ್ಲಿ ನನ್ನ ವಿನಂತಿ.