ಸುಳಿಗಾಳಿಗೆ ಸಿಕ್ಕ ಮರದ ದೂಳು

ಮರವನ್ನು ಕೊಯ್ಯುವಾಗ, ಹತ್ತರಿ ಹೊಡೆಯುವಾಗ ನೆಲದ ಮೇಲೆ ರಾಶಿ ಬೀಳುವ ಹೊಟ್ಟು ಕಣ್ಣಿಗೆ ದೊಡ್ಡದಾಗಿ ಕಂಡರೂ ಬಡಗಿಯ ಆರೋಗ್ಯಕ್ಕೆ ಹೆಚ್ಚಿನ ಕೇಡು ಬರುವುದು ಅದರಿಂದಲ್ಲ. ಉಪ್ಪುಕಾಗದದಿಂದಲೋ ವಿದ್ಯುತ್ ಸ್ಯಾಂಡರ್‌ನಿಂದಲೋ ಮೇಲ್ಮೈಯನ್ನು ಉಜ್ಜಿ ನಯಗೊಳಿಸುವಾಗ ಎದ್ದು ಗಾಳಿಯಲ್ಲೇ ತೇಲುತ್ತ ಉಳಿಯುವ ನುಣುಪು ದೂಳಿನಿಂದ. ಇಂತಹ ದೂಳನ್ನು ಮೈಕ್ರಾನ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನ್‌ನ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಎದೆಯೆತ್ತರದಿಂದ ನೆಲ ಮುಟ್ಟಲು ಕೆಲವು ನಿಮಿಷ ಸಾಕು. 1 ಮೈಕ್ರಾನ್‌ನ ಕಣಕ್ಕೆ ಹೆಚ್ಚುಕಡಿಮೆ ಅರ್ಧ ದಿನ ಬೇಕು. ಕೆಲಸ ಮುಗಿಸಿ ಕಸ ಗುಡಿಸಿದ ಮೇಲೂ ಅದು ಉಸಿರಾಡುವ ಗಾಳಿಯಲ್ಲೇ ಇರುತ್ತದೆ, ಪೊರಕೆಯಂತೂ ಕೆಳಗೆ ಕುಳಿತದ್ದನ್ನು ಮತ್ತೆ ಎಬ್ಬಿಸುತ್ತದೆ.

ಈ ದೂಳು ಬರಿಯ ಕಿರಿಕಿರಿಯಲ್ಲ ಎಂಬುದು ಸ್ಪಷ್ಟವಾಗಿ ತಿಳಿದುಬಂದದ್ದು 1960ರ ದಶಕದಲ್ಲಿ. ಕುರ್ಚಿ ತಯಾರಿಕೆಗೆ ಹೆಸರಾದ ಇಂಗ್ಲೆಂಡಿನ ಹೈ ವಿಕೂಂ ಪಟ್ಟಣದಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್ ಅವರು, ಸಾಮಾನ್ಯವಾಗಿ ಅತಿ ವಿರಳವಾದ ಮೂಗಿನ ಕುಹರದ ಕ್ಯಾನ್ಸರ್ ಪೀಠೋಪಕರಣ ಕಾರ್ಮಿಕರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವುದನ್ನು ಗಮನಿಸಿದರು. ಡೊನಾಲ್ಡ್ ಆಚಿಸನ್ ಮೊದಲಾದವರೊಡನೆ ಅವರು ನಡೆಸಿದ ಅಧ್ಯಯನ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ದೂಳನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಬ್ರಿಟನ್ನಿನಲ್ಲಿ ಗಟ್ಟಿಮರದ ದೂಳಿಗೆ ಈಗಿರುವ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 3 ಮಿಲಿಗ್ರಾಂ. ಹತ್ತು ಅಡಿ ಅಗಲ, ಹದಿಮೂರು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಗೆ ಇದನ್ನು ಅನ್ವಯಿಸಿದರೆ, ಒಂದು ಗ್ರಾಮಿನ ಹತ್ತನೇ ಒಂದು ಪಾಲಿನಷ್ಟು ದೂಳು ತೇಲುತ್ತಿದ್ದರೂ ಮಿತಿ ಮುಟ್ಟಿದಂತೆಯೇ. ಮೈಸೂರಿನ ಕೆತ್ತನೆ ಕೆಲಸದವರು ನಂಬಿರುವ ಬೀಟೆಯ ದೂಳು ಕೆಲವರಿಗೆ ಚರ್ಮದ ಅಲರ್ಜಿಯನ್ನೂ ತರುತ್ತದೆ. ಇಂದಿನ ಅಡುಗೆಮನೆ ಕಪಾಟುಗಳಿಗೆ ಬಳಸುವ ಎಂಡಿಎಫ್ ಹಲಗೆಯ ದೂಳಿನಲ್ಲಿ ಮರದ ಜೊತೆಗೆ ಅಂಟಿನ ರಾಳವೂ ಸೇರಿರುತ್ತದೆ.

ಆದ್ದರಿಂದ ದೂಳನ್ನು ಅದು ಹುಟ್ಟುವ ಜಾಗದಲ್ಲೇ ಹೀರಿಕೊಳ್ಳುವುದು ಸರಿಯಾದ ದಾರಿ. ಸ್ಯಾಂಡರ್‌ನ ಅಡಿತಟ್ಟೆಯಲ್ಲಿ ತೂತುಗಳಿರುವುದು ಇದಕ್ಕಾಗಿಯೇ. ಕಾಗದದ ತೂತುಗಳನ್ನು ಅವುಗಳಿಗೆ ಸರಿಯಾಗಿ ಹೊಂದಿಸಿ, ಯಂತ್ರದ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆ ಸಿಕ್ಕಿಸಿದರೆ ದೂಳಿನ ಬಹುಪಾಲು ಮೇಲೇಳುವ ಮೊದಲೇ ಒಳಗೆ ಹೋಗುತ್ತದೆ. ಆದರೆ ನುಣುಪು ದೂಳು ವ್ಯಾಕ್ಯೂಮ್‌ನ ಚೀಲಕ್ಕೂ ಸೋಸುಕಕ್ಕೂ ಪದರವಾಗಿ ಮೆತ್ತಿಕೊಂಡು ಗಾಳಿಯ ದಾರಿಯನ್ನು ಕಟ್ಟುತ್ತ ಹೋಗುತ್ತದೆ, ಇದು ನಿಧಾನವಾಗಿ ಆಗುವುದರಿಂದ ಹೀರುವ ಬಲ ಕುಗ್ಗಿದ್ದು ಕೆಲಸಗಾರನಿಗೆ ಬೇಗ ತಿಳಿಯುವುದಿಲ್ಲ. ಗೋಡೆಯ ಪುಟ್ಟಿಯನ್ನು ಉಜ್ಜುವವರಿಗೆ ಈ ತೊಂದರೆ ಇನ್ನೂ ಬೇಗ ಎದುರಾಗುತ್ತದೆ.

ಕೊಳವೆಗೂ ವ್ಯಾಕ್ಯೂಮ್‌ಗೂ ನಡುವೆ ಸೈಕ್ಲೋನ್ ಎಂಬ, ದೂಳನ್ನು ಬೇರ್ಪಡಿಸುವ ಸಾಧನವನ್ನು ಇಡುವುದು ಇದಕ್ಕೆ ಪರಿಹಾರ. ತಲೆಕೆಳಗಾದ ಶಂಕುವಿನ ಆಕಾರದ ಈ ಪಾತ್ರೆಗೆ ಚಲಿಸುವ ಭಾಗವಾಗಲಿ ಜಾಲರಿಯಾಗಲಿ ಇಲ್ಲ. ದೂಳುಗಾಳಿ ಅದರ ಮೇಲ್ಭಾಗದಲ್ಲಿ ನಡುವಿಗೆ ನೇರವಾಗಿ ನುಗ್ಗದೆ ಗೋಡೆಯನ್ನು ಸವರಿಕೊಂಡು ಒಳಬರುವಂತೆ ಕೊಳವೆಯನ್ನು ಜೋಡಿಸಿರುವುದರಿಂದ, ಗಾಳಿ ಸುರುಳಿ ಸುತ್ತುತ್ತ ಕೆಳಗಿಳಿಯುತ್ತದೆ. ಭಾರವಾದ ಕಣಗಳು ಆ ಸುತ್ತಿಗೆ ತಕ್ಕಂತೆ ತಿರುಗಲಾರದೆ ಗೋಡೆಗೆ ಬಡಿದು, ಅಲ್ಲಿಂದ ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತವೆ. ಹಗುರಾದ ಗಾಳಿ ಶಂಕುವಿನ ತಳದಲ್ಲಿ ತಿರುಗಿ, ನಡುವಿನಲ್ಲಿ ಕಿರಿದಾದ ಸುಳಿಯಾಗಿ ಮೇಲೇರಿ ಮುಚ್ಚಳದ ಕೊಳವೆಯಿಂದ ವ್ಯಾಕ್ಯೂಮ್‌ಗೆ ಹೋಗುತ್ತದೆ. ಕಣದಲ್ಲಿ ರಾಗಿ ತೂರುವಾಗ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಲು ಬೀಸುವ ಗಾಳಿಯ ಜೊತೆಗೆ ಭೂಮಿಯ ಸೆಳೆತ ಸಾಕಾಗುತ್ತದೆ, ಇಲ್ಲಿ ಆ ಸೆಳೆತ ಏನೇನೂ ಸಾಲದು. ಹತ್ತು ಸೆಂಟಿಮೀಟರ್ ತ್ರಿಜ್ಯದ ಸೈಕ್ಲೋನಿನಲ್ಲಿ ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸುತ್ತಿದರೆ ಕಣವನ್ನು ಗೋಡೆಯತ್ತ ತಳ್ಳುವ ಬಲ ಅದರ ತೂಕದ ಸುಮಾರು 230 ಪಟ್ಟು ಆಗುತ್ತದೆ.

ಈ ಸಾಧನ ಹೊಸದಲ್ಲ. 1880ರ ದಶಕದಲ್ಲೇ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ದೊರೆತಿತ್ತು. ಬ್ರಿಟನ್ನಿನ ಜೇಮ್ಸ್ ಡೈಸನ್ 1970ರ ದಶಕದ ಕೊನೆಯಲ್ಲಿ ಮರದ ಮಿಲ್ಲೊಂದರ ಸೈಕ್ಲೋನಿನಿಂದ ಪ್ರೇರಿತರಾಗಿ, 5,127 ಮಾದರಿಗಳನ್ನು ಮಾಡಿ ನೋಡಿ, ಅದನ್ನು ಮನೆಬಳಕೆಯ ವ್ಯಾಕ್ಯೂಮ್‌ಗೆ ಇಳಿಸಿದರು.

ಆದರೆ ಸೈಕ್ಲೋನ್ ಬಂದರೆ ಸೋಸುಕ ಬೇಡ ಎಂಬ ನಂಬಿಕೆ ಅಪಾಯಕಾರಿ. ಹೊಟ್ಟನ್ನೂ ದಪ್ಪ ದೂಳನ್ನೂ ಅದು ಬಹುತೇಕ ಪೂರ್ತಿಯಾಗಿ ಹಿಡಿಯುತ್ತದೆ, ಕಣ ಕೆಲವೇ ಮೈಕ್ರಾನ್‌ಗೆ ಇಳಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಈ ಗಾತ್ರದ ಕಣಗಳೇ. ಅವನ್ನು ತಡೆಯುವುದು ವ್ಯಾಕ್ಯೂಮ್‌ನ ಒಳಗಿನ ಹೆಪಾ ಸೋಸುಕ, ಅಂದರೆ 0.3 ಮೈಕ್ರಾನ್ ಕಣಗಳಲ್ಲೂ ನೂರಕ್ಕೆ 99.97ರಷ್ಟನ್ನು ಹಿಡಿಯುವ ಮಡಿಕೆ ಸೋಸುಕ. ಸೋಸುಕ ಕಟ್ಟಿಕೊಳ್ಳದಂತೆ ಕಾಯುವುದು ಸೈಕ್ಲೋನಿನ ಕೆಲಸ, ಉಸಿರನ್ನು ಕಾಯುವುದು ಸೋಸುಕದ ಕೆಲಸ. ಸೈಕ್ಲೋನ್ ತಾನೂ ಹೀರುವ ಬಲದ ಸ್ವಲ್ಪ ಪಾಲನ್ನು ತಿನ್ನುತ್ತದೆಯಾದರೂ ದಿನವಿಡೀ ಬಲ ಒಂದೇ ಮಟ್ಟದಲ್ಲಿ ಉಳಿಯುವ ಲಾಭದ ಮುಂದೆ ಆ ನಷ್ಟ ಸಣ್ಣದು.

ಪ್ಲಾಸ್ಟಿಕ್ ಸೈಕ್ಲೋನನ್ನು ಕೊಂಡು ಬಕೆಟ್ಟಿನ ಮುಚ್ಚಳಕ್ಕೆ ಕೂರಿಸಿಕೊಳ್ಳುವವರು ಸಾಮಾನ್ಯವಾಗಿ ಎಡವುವುದು ಗಾಳಿ ಸೋರುವಿಕೆಯಲ್ಲಿ. ಒಳಗೆ ಒತ್ತಡ ಕಡಿಮೆಯಿರುವುದರಿಂದ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಹೊರಗಾಳಿ ನುಗ್ಗಿ, ಡಬ್ಬಿಗೆ ಬಿದ್ದ ದೂಳನ್ನೇ ಎಬ್ಬಿಸಿ ನಡುವಿನ ಸುಳಿಗೆ ಒಪ್ಪಿಸುತ್ತದೆ. ಡಬ್ಬಿ ಕಂಠಮಟ್ಟ ತುಂಬಿದಾಗಲೂ ಇದೇ ಆಗುತ್ತದೆ. ತೆಳು ಬಕೆಟ್ಟೂ ಆಗದು, ಏಕೆಂದರೆ ಕೊಳವೆ ಕಟ್ಟಿಕೊಂಡ ಗಳಿಗೆಯಲ್ಲಿ ಒತ್ತಡ 20 ಕಿಲೋಪಾಸ್ಕಲ್‌ನಷ್ಟು ಕುಸಿದರೆ 30 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಸುಮಾರು 140 ಕಿಲೋ ಭಾರ ಹೇರಿದಂತಾಗಿ ಪಾತ್ರೆ ಒಳಕ್ಕೆ ಮುದುಡಿಕೊಳ್ಳುತ್ತದೆ. ಒಣ ದೂಳು ಪ್ಲಾಸ್ಟಿಕ್ಕಿಗೆ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು ಕೈಗೆ ಚುರುಕೆಂದು ಹೊಡೆಯುವುದುಂಟು. ವಿದ್ಯುತ್ ಹರಿಯಬಿಡುವ ಕೊಳವೆಯನ್ನು ಬಳಸಿ ನೆಲಕ್ಕೆ ಅರ್ಥಿಂಗ್ ಕೊಟ್ಟರೆ ಅದು ಬಹುಮಟ್ಟಿಗೆ ತಪ್ಪುತ್ತದೆ. ಕಬ್ಬಿಣ ಗ್ರೈಂಡ್ ಮಾಡುವಾಗಿನ ಕಿಡಿಗಳನ್ನು ಮಾತ್ರ ಮರದ ದೂಳು ತುಂಬಿದ ಡಬ್ಬಿಗೆ ಎಂದೂ ಎಳೆಯಬಾರದು. ಒಳಗೆ ಬಿದ್ದ ಕಿಡಿ ಗಂಟೆಗಟ್ಟಲೆ ಜ್ವಾಲೆಯಿಲ್ಲದೆ ಒಳಗೊಳಗೇ ಕನಲಿ ಆಮೇಲೆ ಹೊತ್ತಿಕೊಳ್ಳಬಹುದು.

ಡಬ್ಬಿ ಬರಿದು ಮಾಡುವ ಹೊತ್ತಿನಲ್ಲಿ ಹಿಡಿದ ದೂಳೆಲ್ಲ ಮತ್ತೆ ಗಾಳಿಗೆ ಏಳುವ ಸಂಭವವಿರುವುದರಿಂದ, ಬಾಯಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಬಿಗಿದು ಬೋರಲು ಹಾಕಿ, ಒಂದೆರಡು ನಿಮಿಷ ಹಾಗೆಯೇ ಬಿಟ್ಟು, ದೂಳು ಕುಳಿತ ಮೇಲೆ ಚೀಲ ಬಿಚ್ಚುವುದು, ಅದನ್ನು ಬಯಲಲ್ಲಿ, ಎನ್95 ಮುಖಗವಸು ತೊಟ್ಟು ಮಾಡುವುದು ಸರಿಯಾದ ಕ್ರಮ.