ಜ್ವರ ಬಿಟ್ಟಿತೆಂದು ಗಲ್ಲಾದಲ್ಲಿ ಕೂತಿರಾ? ಎಡಪಕ್ಕೆ ನೋವಿದ್ದರೆ ಜೋಕೆ!

ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಕಡೆ ಬಸ್ಸಿಗೆ ಕಾಯುವವರಿಗಾಗಲಿ, ಷಟರ್ ಎತ್ತುವ ವ್ಯಾಪಾರಿಗಾಗಲಿ ಮಲಗಲು ಪುರಸೊತ್ತಿಲ್ಲ. ಜ್ವರ ಬಂದರೆ ಮೆಡಿಕಲ್ ಸ್ಟೋರಿನಿಂದ ನಾಲ್ಕು ಮಾತ್ರೆ; ಮೈ ತಣ್ಣಗಾದರೆ ಮತ್ತೆ ಕೆಲಸ. ‘ಏನ್ ಮಹಾ, ಟೈಫಾಯ್ಡ್ ತಾನೇ!’ ಎನ್ನುವವರೇ ಹೆಚ್ಚು. ಆದರೆ ಆ ಟೈಫಾಯ್ಡ್ ಅಪರೂಪಕ್ಕೊಮ್ಮೆ ಗುಲ್ಮದಲ್ಲಿ ಕೀವಾಗಿ ಕೂರುತ್ತದೆ. ಬೇಗ ಪತ್ತೆಯಾದರೆ ವಾಸಿ, ತಡವಾದರೆ ಪ್ರಾಣಕ್ಕೇ ಸಂಚಕಾರ.

ಕೀವು ಕಟ್ಟುವುದೆಲ್ಲಿ?

ಎಡಗಡೆ ಪಕ್ಕೆಲುಬಿನ ಮರೆಯಲ್ಲಿ, ಹಿಡಿಮುಷ್ಟಿ ಗಾತ್ರದ ಅಂಗ ಗುಲ್ಮ. ಆಸ್ಪತ್ರೆಯವರ ಬಾಯಲ್ಲಿ ಸ್ಪ್ಲೀನ್. ರಕ್ತವನ್ನು ಸೋಸುವುದು ಇದರ ಕಸುಬು. ಕೊಳಚೆ ಬೆರೆತ ನೀರು, ತೊಳೆಯದ ಕೈ, ನೊಣ ಕೂತ ತಿಂಡಿಯಿಂದ ಹೊಟ್ಟೆ ಸೇರುವ ಸಾಲ್ಮೊನೆಲ್ಲಾ ರೋಗಾಣು ರಕ್ತಕ್ಕಿಳಿದಾಗ ಈ ಜರಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು, ಕುಡಗೋಲು ಕಣದ ರಕ್ತರೋಗವಿರುವವರು, ರೋಗ ತಡೆಯುವ ಶಕ್ತಿ ಕುಂದಿದವರು ಹೆಚ್ಚು ಎಚ್ಚರದಿಂದಿರಬೇಕು.

ಗುರುತು ಏನು?

ಜ್ವರ ಇಳಿದು ಮತ್ತೆ ಏರುವುದು, ಚಳಿ, ಎಡಪಕ್ಕೆಯ ಕೆಳಗೆ ನೋವು. ಉಸಿರೆಳೆದರೆ ಚುಚ್ಚುತ್ತದೆ, ಕೆಲವರಿಗೆ ನೋವು ಎಡಭುಜಕ್ಕೂ ಹೊಡೆಯುತ್ತದೆ. ‘ಮೂಟೆ ಎತ್ತಿದ್ದಕ್ಕೆ ಹಿಡ್ಕೊಂಡಿದೆ’ ಅಂತ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾದರೆ ಕೆಟ್ಟಿತು.

ವೈಡಾಲ್ ಒಂದೇ ಸಾಲದು

ಫ್ರಾನ್ಸಿನ ವೈದ್ಯ ವೈಡಾಲ್ 1896ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯನ್ನೇ ಇಂದಿಗೂ ಬೀದಿಬೀದಿಯ ಲ್ಯಾಬುಗಳಲ್ಲಿ ಮಾಡುತ್ತಾರೆ. ಹಿಂದೆಂದೋ ಬಂದುಹೋದ ಸೋಂಕಿಗೂ ಅದು ‘ಪಾಸಿಟಿವ್’ ಅನ್ನಬಹುದು. ನಿಜವಾದ ಟೈಫಾಯ್ಡನ್ನು ಬಿಟ್ಟುಬಿಡಲೂಬಹುದು. ಖಾತ್ರಿಗೆ ಬ್ಲಡ್ ಕಲ್ಚರ್ ಬೇಕು. ಅದೂ ಆಂಟಿಬಯೋಟಿಕ್ ನುಂಗುವ ಮೊದಲೇ ರಕ್ತ ತೆಗೆಸುವುದು ಮೇಲು. ಕೀವು ಕಟ್ಟಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ, ಸಿ.ಟಿ. ಸ್ಕ್ಯಾನ್ ಇನ್ನೂ ಸ್ಪಷ್ಟ.

ಗುಲ್ಮದಲ್ಲಿ ಕೀವು ಅಂದರೆ ಟೈಫಾಯ್ಡೇ ಎಂದೇನಿಲ್ಲ. ಉಡುಪಿ, ಮಂಗಳೂರು ಕಡೆ ಮಣ್ಣು ನೀರಿನಿಂದ ಬರುವ ಮೆಲಿಯೊಯ್ಡೋಸಿಸ್ ಕೂಡ ಹೀಗೆಯೇ ಕೀವು ಕಟ್ಟಿಸುತ್ತದೆ. ಅದರ ಔಷಧಿಯೇ ಬೇರೆ. ಆದ್ದರಿಂದ ಕೀವನ್ನೂ ಪರೀಕ್ಷೆಗೆ ಕಳಿಸಬೇಕು. ಊಹೆಯ ಮೇಲೆ ಮದ್ದು ನಡೆಯದು.

ಚಿಕಿತ್ಸೆ ಉಂಟು

1948ರಲ್ಲಿ ಕ್ಲೋರಾಂಫೆನಿಕಾಲ್ ಟೈಫಾಯ್ಡಿಗೆ ಮದ್ದಾಗಿ ಬಂದಾಗ ಅದೊಂದು ದೊಡ್ಡ ವರ. ಮುಂದೆ ರೋಗಾಣು ಅದಕ್ಕೂ ಜಗ್ಗದಾಯಿತು. ಈಗ ನಮ್ಮ ದೇಶದಲ್ಲಿ ಸಿಪ್ರೊಫ್ಲಾಕ್ಸಾಸಿನ್‌ಗೂ ಬಹುಮಟ್ಟಿಗೆ ಜಗ್ಗುವುದಿಲ್ಲ. ಸಾಮಾನ್ಯವಾಗಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿನಿಂದ ಶುರುಮಾಡಿ, ಕಲ್ಚರ್ ವರದಿ ನೋಡಿ ಔಷಧಿ ಬದಲಿಸುತ್ತಾರೆ. ದಿನಗಳಲ್ಲಿ ಮುಗಿಯುವ ಮಾತಲ್ಲ, ವಾರಗಟ್ಟಲೆ ಬೇಕು. ಕೀವು ಒಂದೇ ಕಡೆ ತೆಳ್ಳಗಿದ್ದರೆ ಸ್ಕ್ಯಾನ್ ನೋಡಿಕೊಂಡೇ ಸೂಜಿ ಅಥವಾ ಸಣ್ಣ ನಳಿಕೆಯಿಂದ ಹೊರತೆಗೆಯುತ್ತಾರೆ, ಗುಲ್ಮ ಉಳಿಯುತ್ತದೆ. ಹಲವು ಕಡೆ ಕಟ್ಟಿದ್ದರೆ, ನಳಿಕೆಗೆ ಬಗ್ಗದಿದ್ದರೆ, ಒಡೆದು ಹೊಟ್ಟೆಯೊಳಗೆ ಹರಡಿದ್ದರೆ ಗುಲ್ಮವನ್ನೇ ತೆಗೆಯಬೇಕಾದೀತು. ಗುಲ್ಮ ಹೋದವರು ನ್ಯೂಮೋನಿಯಾ, ಮಿದುಳುಪೊರೆ ಜ್ವರಗಳ ಲಸಿಕೆ ತಪ್ಪದೆ ಹಾಕಿಸಿಕೊಳ್ಳಬೇಕು. ಮುಂದೆ ಯಾವ ಜ್ವರ ಬಂದರೂ ಅದೇ ದಿನ ಡಾಕ್ಟರ ಬಳಿ ಓಡಬೇಕು.

ಹೊಟೇಲಿನವರೂ ಕೇಳಲಿ

ಪಕ್ಕದಲ್ಲೇ ವೃಷಭಾವತಿ ಊರಿನ ಕೊಳಚೆ ಹೊತ್ತು ಹರಿಯುತ್ತಿದೆ. ಅದರ ನೀರನ್ನು ಯಾರೂ ಕುಡಿಯರು, ನಿಜ. ಆದರೆ ಒಡೆದ ಪೈಪಿನಲ್ಲಿ, ಮುಚ್ಚಳವಿಲ್ಲದ ಸಂಪಿನಲ್ಲಿ ಕೊಳಚೆಗೂ ಕುಡಿಯುವ ನೀರಿಗೂ ನಂಟು ಬೆಳೆಯಲು ಹೊತ್ತು ಬೇಕಿಲ್ಲ. ನೀರು ಕುದಿಸಿ, ಸಂಪು ತೊಳೆಸಿ, ಬಡಿಸುವ ಹುಡುಗರ ಕೈಗೆ ಸೋಪು ಕೊಡಿ. ಟೈಫಾಯ್ಡಿಗೆ ಲಸಿಕೆಯೂ ಇದೆ.

ವಾರವಾದರೂ ಜ್ವರ ಬಿಡದಿದ್ದರೆ, ಬಿಟ್ಟು ಮತ್ತೆ ಬಂದರೆ, ನುಂಗಿದ ಮಾತ್ರೆಗಳ ಚೀಟಿಯೊಂದಿಗೆ ಆಸ್ಪತ್ರೆಗೆ ಹೋಗಿ. ಮಾರ್ಕೆಟ್ ಬಸ್ ಹತ್ತಿದರೆ ವಿಕ್ಟೋರಿಯಾ ಆಸ್ಪತ್ರೆ ದೂರವಿಲ್ಲ. ‘ಎಡಗಡೆ ನೋವಿದೆ, ಸ್ಕ್ಯಾನ್ ಬೇಕಾ ಡಾಕ್ಟ್ರೇ?’ ಎಂದು ಬಾಯಿಬಿಟ್ಟು ಕೇಳಿ. ಒಂದು ದಿನದ ವ್ಯಾಪಾರ ಹೋದರೆ ನಾಳೆ ದುಡಿಯಬಹುದು.